ಕೊನೆಗೆ ಮುಟ್ಟಿದವರು ಯಾರು?

ಮನೆಯಲ್ಲಿ ಮಿಕ್ಸಿ ಸುಟ್ಟುಹೋದರೆ, ಸಂಘದ ಮೈಕು ಕೆಟ್ಟರೆ, ಶಾಲೆಯ ಗಡಿಯಾರ ನಿಂತರೆ ನಮ್ಮಲ್ಲಿ ಮೊದಲು ಕೇಳುವ ಪ್ರಶ್ನೆ ಒಂದೇ: ಕೊನೆಗೆ ಮುಟ್ಟಿದವರು ಯಾರು? ಯಂತ್ರದೊಳಗೆ ಏನಾಗಿದೆ ಎಂಬುದು ಆಮೇಲಿನ ಮಾತು. ಮುಟ್ಟಿದವರು ಮನೆಯ ಯಜಮಾನರಾಗಿದ್ದರೆ "ಹಳೆಯದಾಗಿತ್ತು ಬಿಡಿ" ಎಂದು ಮಾತು ಅಲ್ಲಿಗೇ ಮುಗಿಯುತ್ತದೆ. ಮುಟ್ಟಿದವಳು ಸೊಸೆಯೋ, ಕೆಲಸದವಳೋ, ಶಾಲೆ ಬಿಟ್ಟು ಮನೆಯಲ್ಲಿರುವ ಹುಡುಗಿಯೋ ಆಗಿದ್ದರೆ ಅದು ಬರೀ ಮಿಕ್ಸಿಯ ಕತೆಯಾಗಿ ಉಳಿಯುವುದಿಲ್ಲ.

2006ರಲ್ಲಿ ನಮ್ಮ ಮೊಹಲ್ಲಾದ ಗ್ರಂಥಾಲಯದ ಕಂಪ್ಯೂಟರ್ ಕೆಟ್ಟಾಗ ಆ ಪ್ರಶ್ನೆಗೆ ಸಿಕ್ಕ ಉತ್ತರ ನಾವು. ನಾವು ಎಂದರೆ ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಅಲ್ಲಿ ಟೈಪಿಂಗ್ ಕಲಿಯುತ್ತಿದ್ದ ಆರು ಮಂದಿ ಹುಡುಗಿಯರು. ಇಂದು ಒಬ್ಬೊಬ್ಬರು ಒಂದೊಂದು ಊರಿನಲ್ಲಿದ್ದೇವೆ. ಆದರೆ ಈ ವಿಷಯದಲ್ಲಿ ಯಾರೊಬ್ಬಳ ಹೆಸರಿನಲ್ಲೂ ಬರೆಯಲು ನಮಗೆ ಮನಸ್ಸಿಲ್ಲ. ದೂರು ಬಂದಾಗ ನಮ್ಮಲ್ಲಿ ಯಾರನ್ನೂ ಬೇರೆಯಾಗಿ ಹೆಸರಿಸಿರಲಿಲ್ಲ. "ಹೆಣ್ಣು ಮಕ್ಕಳು" ಎಂದಷ್ಟೇ ಹೇಳಿದ್ದರು.

ಅದು 2003ರಲ್ಲಿ ಗಲ್ಫಿನಲ್ಲಿದ್ದ ಊರಿನವರು ಹಣ ಕೂಡಿಸಿ ಕೊಡಿಸಿದ ಕಂಪ್ಯೂಟರ್. ಕಂಪೆನಿಯದ್ದಲ್ಲ, ಬಿಡಿಭಾಗ ಜೋಡಿಸಿ ಮಾಡಿಸಿದ್ದು. ಬೆಳಗ್ಗೆ ಹುಡುಗರಿಗೆ, ಸಂಜೆ ಸಂಘದವರ ಕೆಲಸಕ್ಕೆ, ಮಧ್ಯಾಹ್ನ ಊರೆಲ್ಲ ಊಟ ಮಾಡಿ ಮಲಗುವ ಹೊತ್ತು ನಮಗೆ ಎಂದು ಹಂಚಿಕೆಯಾಗಿತ್ತು. ನಮ್ಮಲ್ಲಿ ಇಬ್ಬರು ಎಸ್ಸೆಸ್ಸೆಲ್ಸಿ ಮುಗಿಸಿ ಮನೆಯಲ್ಲಿ ಬೀಡಿ ಕಟ್ಟುತ್ತಿದ್ದವರು. ಒಬ್ಬಳಿಗೆ ಪೇಟೆಯ ಮುದ್ರಣಾಲಯದಲ್ಲಿ ಡಿಟಿಪಿ ಕೆಲಸದ ಭರವಸೆ ಸಿಕ್ಕಿತ್ತು. ನುಡಿ ತಂತ್ರಾಂಶದಲ್ಲಿ ಕನ್ನಡ ಟೈಪಿಂಗ್ ಚೆನ್ನಾಗಿ ಬಂದರೆ ಜೂನ್‌ನಲ್ಲಿ ಬಾ ಎಂದಿದ್ದರು. ಆ ಎರಡು ಗಂಟೆಗೆ ನಮಗೆ ಎಷ್ಟು ಬೆಲೆಯಿತ್ತು ಎಂಬುದು ಇದರಿಂದಲೇ ತಿಳಿದೀತು.

ಆ ವರ್ಷ ಮಾರ್ಚ್ ತಿಂಗಳಿನಿಂದ ಕಂಪ್ಯೂಟರ್ ವಿಚಿತ್ರವಾಗಿ ವರ್ತಿಸತೊಡಗಿತು. ಬೆಳಗ್ಗೆ ಗುಂಡಿ ನಾಲ್ಕೈದು ಸಲ ಒತ್ತಿದರೆ ಮಾತ್ರ ಎದ್ದೇಳುತ್ತಿತ್ತು. ಎದ್ದಮೇಲೆ ಅರ್ಧ ಗಂಟೆ ಚೆನ್ನಾಗಿ ಓಡಿ, ಇದ್ದಕ್ಕಿದ್ದಂತೆ ಪರದೆ ಕಪ್ಪಾಗಿ ಮತ್ತೆ ಮೊದಲಿನಿಂದ ಶುರುವಾಗುತ್ತಿತ್ತು. ಕೆಲವೊಮ್ಮೆ ನೀಲಿ ಪರದೆಯ ಮೇಲೆ ಬಿಳಿ ಅಕ್ಷರದ ಸಾಲುಗಳು. ಕೆಲವೊಮ್ಮೆ ಮೌಸಿನ ಬಾಣ ಇದ್ದಲ್ಲೇ ಹೆಪ್ಪುಗಟ್ಟಿದ ಹಾಗೆ. ಎರಡು ಪುಟ ಟೈಪ್ ಮಾಡಿ ಉಳಿಸುವ ಮೊದಲೇ ಎಲ್ಲ ಮಾಯ.

ಕಾರಣಗಳು ಒಂದೊಂದಾಗಿ ಹುಟ್ಟಿಕೊಂಡವು. ಹೆಣ್ಣು ಮಕ್ಕಳು ಕೀಗಳನ್ನು ಜೋರಾಗಿ ಒತ್ತುತ್ತಾರೆ. ಎಲ್ಲಿಂದಲೋ ಫ್ಲಾಪಿ ತಂದು ವೈರಸ್ ಹಾಕಿದ್ದಾರೆ. ಸರಿಯಾಗಿ ಆಫ್ ಮಾಡದೆ ಸ್ವಿಚ್ ತೆಗೆಯುತ್ತಾರೆ. ಹಿರಿಯರೊಬ್ಬರು, ಪಾಪ, ಎಲ್ಲೋ ಓದಿದ್ದರಂತೆ, ಪಾಲಿಯೆಸ್ಟರ್ ಶಾಲಿನಿಂದ ಕರೆಂಟು ಹುಟ್ಟುತ್ತದೆ ಎಂದರು. ಅದರಲ್ಲಿ ವಿಜ್ಞಾನವಿಲ್ಲದೆ ಇಲ್ಲ. ಆದರೆ ಹುಡುಗರ ಪಾಲಿಯೆಸ್ಟರ್ ಅಂಗಿಯಿಂದ ಅದು ಯಾಕೆ ಹುಟ್ಟುವುದಿಲ್ಲ ಎಂಬುದಕ್ಕೆ ಅವರ ಬಳಿ ಉತ್ತರವಿರಲಿಲ್ಲ.

ದೂರು ನಿಲ್ಲದಿದ್ದಾಗ ನಾವು ಒಂದು ನೂರು ಪುಟದ ನೋಟ್‌ಬುಕ್ ತೆಗೆದುಕೊಂಡೆವು. ಬೀಡಿ ಬ್ರಾಂಚಿನ ಪಾಸ್‌ಬುಕ್ಕಿನಲ್ಲಿ ಇರುವ ಹಾಗೆ ಗೆರೆ ಹಾಕಿ ದಿನ, ಹೊತ್ತು, ಆಗ ಏನು ಮಾಡುತ್ತಿದ್ದರು, ಏನಾಯಿತು ಎಂದು ಬರೆಯತೊಡಗಿದೆವು. ಬೆಳಗ್ಗಿನ ಲೆಕ್ಕ ತರಲು ನಮ್ಮಲ್ಲೊಬ್ಬಳ ತಮ್ಮನಿದ್ದ. ದಿನಕ್ಕೊಂದು ಪೆಪ್ಪರ್‌ಮೆಂಟ್ ಅವನ ಸಂಬಳ. ಸಂಜೆಯದ್ದನ್ನು ಗ್ರಂಥಾಲಯ ನೋಡಿಕೊಳ್ಳುತ್ತಿದ್ದವರು ನಗುತ್ತಲೇ ಹೇಳುತ್ತಿದ್ದರು. ಹತ್ತೊಂಬತ್ತು ದಿನಗಳಲ್ಲಿ ಕಂಪ್ಯೂಟರ್ ನಿಂತದ್ದು 31 ಸಲ. ನಮ್ಮ ಹೊತ್ತಿನಲ್ಲಿ 12, ಹುಡುಗರ ಹೊತ್ತಿನಲ್ಲಿ 11, ಸಂಜೆ 8. ಇವುಗಳಲ್ಲಿ ಮೂರು ಸಲ ಕೋಣೆಯಲ್ಲಿ ಯಾರೂ ಇರಲಿಲ್ಲ. ಅಸ್ರ್ ನಮಾಝಿಗೆ ಎಲ್ಲರೂ ಎದ್ದು ಹೋದಾಗ ಅದು ತಾನಾಗಿಯೇ ನಿಂತಿತ್ತು.

ಈ ಲೆಕ್ಕವನ್ನು ಸಮಿತಿಯ ಮುಂದಿಟ್ಟೆವು. ಓದಿದರೋ ಇಲ್ಲವೋ ತಿಳಿಯದು. ಮೇ ತಿಂಗಳ ಸಭೆಯಲ್ಲಿ "ರಿಪೇರಿಯಾಗುವವರೆಗೆ ಮಧ್ಯಾಹ್ನದ ತರಗತಿ ಬೇಡ" ಎಂದು ತೀರ್ಮಾನವಾಯಿತು. ಬೆಳಗ್ಗಿನದ್ದು ಮುಂದುವರಿಯಿತು. ಈ "ಆಗುವವರೆಗೆ" ಎಂಬ ಮಾತಿನ ಉದ್ದ ನಮ್ಮೂರಿನ ಹೆಂಗಸರಿಗೆ ಚೆನ್ನಾಗಿ ಗೊತ್ತು. ಅದಕ್ಕೂ ಕೆಲವು ವರ್ಷ ಹಿಂದೆ ಹೊಲಿಗೆ ತರಗತಿಯೂ ಒಂದು ಯಂತ್ರದ ಬೆಲ್ಟ್ ತುಂಡಾಗಿ, ಬೆಲ್ಟ್ ಬರುವವರೆಗೆ ನಿಂತಿತ್ತು. ಆ ಬೆಲ್ಟ್ ಬರಲೇ ಇಲ್ಲ.

ಅಷ್ಟರಲ್ಲಿ ಪೇಟೆಯ ಅಂಗಡಿಯೊಂದಕ್ಕೆ ಕಂಪ್ಯೂಟರನ್ನು ಎರಡು ಸಲ ಹೊತ್ತುಕೊಂಡು ಹೋಗಿದ್ದರು. ಅಲ್ಲಿ ಎರಡು ಸಲ ಎಲ್ಲ ಅಳಿಸಿ ವಿಂಡೋಸ್ ಹೊಸದಾಗಿ ಹಾಕಿದರು. ರ್‍ಯಾಮನ್ನು ರಬ್ಬರಿನಿಂದ ಉಜ್ಜಿ ಕೂರಿಸಿದರು. ಎಸ್‌ಎಂಪಿಎಸ್ ಬದಲಾಯಿಸಿದರು. ಕೊನೆಗೆ "ಬೋರ್ಡ್ ಹೋಗಿದೆ" ಎಂದರು. ಆ ಪ್ರೊಸೆಸರ್ ಕೂರುವ ಬೋರ್ಡ್ ಆಗಲೇ ಅಂಗಡಿಗಳಿಂದ ಮರೆಯಾಗುತ್ತಿತ್ತು. ಹೊಸ ಬೋರ್ಡ್ ಹಾಕಿದರೆ ಪ್ರೊಸೆಸರ್, ರ್‍ಯಾಮ್ ಎಲ್ಲವೂ ಹೊಸದಾಗಬೇಕು. ಏಳು ಸಾವಿರ ಚಿಲ್ಲರೆ ರೂಪಾಯಿ ಎಂದರು. ಸಂಘದ ಪೆಟ್ಟಿಗೆಯಲ್ಲಿ ಅಷ್ಟು ಹಣವಿರಲಿಲ್ಲ.

ಗ್ರಂಥಾಲಯಕ್ಕೆ ಪ್ರತಿದಿನ ಮಧ್ಯಾಹ್ನ ಪತ್ರಿಕೆ ಓದಲು ಬರುವ ಹಿರಿಯರೊಬ್ಬರಿದ್ದರು. ಒಂದು ಕಾಲದಲ್ಲಿ ರೇಡಿಯೋ, ಟೇಪ್ ರೆಕಾರ್ಡರ್ ರಿಪೇರಿ ಮಾಡಿ ಸಂಸಾರ ಸಾಕಿದವರು. ನಾವೆಲ್ಲ ಕಾಕ ಎಂದು ಕರೆಯುತ್ತಿದ್ದೆವು. ಕಣ್ಣು ಮಂಜಾಗಿ, ಕೈ ನಡುಗತೊಡಗಿದ ಮೇಲೆ ಅಂಗಡಿ ಮುಚ್ಚಿದ್ದರು. ಕಂಪ್ಯೂಟರ್ ಮುಟ್ಟಿದವರಲ್ಲ. ಆದರೆ ನಮ್ಮ ನೋಟ್‌ಬುಕ್ಕನ್ನು ಮೊದಲಿನಿಂದ ಕೊನೆಯವರೆಗೆ ಭೂತಗನ್ನಡಿ ಹಿಡಿದು ಓದಿದವರು ಅವರೊಬ್ಬರೇ. ಓದಿ ಮುಗಿಸಿ ಅವರು ಬ್ಯಾರಿಯಲ್ಲಿ ಹೇಳಿದ್ದನ್ನು ಕನ್ನಡಕ್ಕಿಳಿಸಿದರೆ ಹೀಗಾಗುತ್ತದೆ: "ಇದು ವೈರಸ್ ಅಲ್ಲ ಮಕ್ಕಳೇ. ವೈರಸ್ಸಿಗೆ ಬೆಳಗ್ಗಿನ ಚಳಿ ಗೊತ್ತಾಗ್ತದಾ?"

ಬೆಳಗ್ಗೆ ಎದ್ದೇಳಲು ಕಷ್ಟ, ಬಿಸಿಯಾದ ಮೇಲೆ ಸಲೀಸು, ಕೆಲಸ ಹೆಚ್ಚಾದಾಗ ಕುಸಿತ. ಹಳೆಯ ರೇಡಿಯೋಗಳಲ್ಲಿ ಈ ರೋಗ ತಾನು ನೂರು ಸಲ ನೋಡಿದ್ದೇನೆ ಎಂದರು. ಪೆಟ್ಟಿಗೆಯ ಪಕ್ಕದ ತಗಡು ತೆಗೆಸಿ ಟಾರ್ಚ್ ಹಿಡಿಸಿದರು. ಒಳಗೆ ಬೆರಳು ದಪ್ಪದ ದೂಳು, ಒಂದು ಮೂಲೆಯಲ್ಲಿ ಹಲ್ಲಿಯ ಮೊಟ್ಟೆಯ ಚಿಪ್ಪು. ಬಣ್ಣ ಹಚ್ಚುವ ಬ್ರಷ್ಷಿನಿಂದ ಗುಡಿಸಿದಾಗ ಪ್ರೊಸೆಸರಿನ ಪಕ್ಕದಲ್ಲಿ ಸಾಲಾಗಿ ನಿಂತ ಪುಟ್ಟ ಡಬ್ಬಿಗಳು ಕಂಡವು. "ಅವುಗಳ ತಲೆ ನೋಡಿ ಹೇಳಿ. ನನಗೆ ಕಾಣುವುದಿಲ್ಲ" ಎಂದರು. ತಲೆ ಚಪ್ಪಟೆಯಾಗಿರಬೇಕಂತೆ. ನಾಲ್ಕರ ತಲೆ ಉಬ್ಬಿತ್ತು. ಎರಡರ ಮೇಲೆ ಒಣಗಿದ ಬೆಲ್ಲದ ಪಾಕದಂಥ ಕಂದು ಕಲೆ. ಇನ್ನೊಂದು ಬುಡದ ರಬ್ಬರ್ ಉಬ್ಬಿ ಓರೆಯಾಗಿ ನಿಂತಿತ್ತು. ಮೂರು ವರ್ಷ ಅದರ ಮುಂದೆ ಕೂತವರಿದ್ದರು. ಎರಡು ಸಲ ಅದನ್ನು ಪೇಟೆಯಲ್ಲಿ ಬಿಚ್ಚಿದ್ದರು. ಬರಿಗಣ್ಣಿಗೆ ಕಾಣುವ ಆ ಉಬ್ಬನ್ನು ಯಾರೂ ನೋಡಿರಲಿಲ್ಲ. ಕೆಟ್ಟದ್ದು ಯಾರಿಂದ ಎಂಬುದು ಮೊದಲೇ ತೀರ್ಮಾನವಾಗಿದ್ದ ಮೇಲೆ ನೋಡುವ ಅಗತ್ಯವೂ ಇರಲಿಲ್ಲವೇನೋ.

ಅವು ಕೆಪಾಸಿಟರುಗಳು. ಕಾಕ ತಮ್ಮ ಹಳೆಯ ಪೆಟ್ಟಿಗೆಯಿಂದ ಕೆಟ್ಟುಹೋದ ಒಂದನ್ನು ತಂದು ಬ್ಲೇಡಿನಿಂದ ಕೊಯ್ದು ಬಿಡಿಸಿ ತೋರಿಸಿದರು. ಎರಡು ಅಲ್ಯೂಮಿನಿಯಂ ಹಾಳೆಗಳು, ನಡುವೆ ದ್ರಾವಣದಲ್ಲಿ ನೆನೆಸಿದ ಕಾಗದ, ಇಷ್ಟನ್ನೂ ಬಿಗಿಯಾಗಿ ಸುತ್ತಿ ಡಬ್ಬಿಗೆ ಇಳಿಸಿ ಕೆಳಗೆ ರಬ್ಬರಿನ ಬಿರಡೆ ಹಾಕಿದ್ದು. "ಕಾಕ, ಇದು ಬೀಡಿ ಅಲ್ವಾ!" ಎಂದಳು ನಮ್ಮಲ್ಲೊಬ್ಬಳು. ಅವರು ನಕ್ಕು ಹೌದು ಎಂದರು. ಡಬ್ಬಿಯ ತಲೆಯ ಮೇಲೆ ಕೂಡಿಸುವ ಚಿಹ್ನೆಯಂಥ ತೆಳು ಗೀರು ಇರುತ್ತದೆ. ಒಳಗೆ ಅನಿಲ ತುಂಬಿ ಒತ್ತಡ ಮಿತಿಮೀರಿದರೆ ಡಬ್ಬಿ ಸಿಡಿಯದೆ ಆ ಗೀರಿನಲ್ಲಿ ಮೆಲ್ಲನೆ ಬಿರಿಯಲಿ ಎಂದು.

ಅದರ ಕೆಲಸ ಏನು? ಬಾವಿಯ ಪಂಪು ಬಿಟ್ಟು ಬಿಟ್ಟು ಓಡಿದರೂ ಮನೆಯ ನಲ್ಲಿಯಲ್ಲಿ ನೀರು ಒಂದೇ ಸಮನೆ ಬರುವುದು ಮಾಳಿಗೆಯ ಮೇಲಿನ ಟಾಂಕಿಯಿಂದ. ಕೆಪಾಸಿಟರ್ ಅಂಥ ಟಾಂಕಿ. ಎಸ್‌ಎಂಪಿಎಸ್‌ನಿಂದ ಬರುವ 12 ವೋಲ್ಟನ್ನು ಬೋರ್ಡ್ ಸುಮಾರು ಒಂದೂವರೆ ವೋಲ್ಟಿಗೆ ಇಳಿಸಿ ಪ್ರೊಸೆಸರಿಗೆ ಕೊಡಬೇಕು. ಸೆಕೆಂಡಿಗೆ ಲಕ್ಷಾಂತರ ಸಲ ಕರೆಂಟನ್ನು ಬಿಟ್ಟು, ತಡೆದು, ಬಿಟ್ಟು, ತಡೆದು ಇದನ್ನು ಮಾಡುತ್ತದೆ. ಆ ಏರಿಳಿತವನ್ನು ಸಮ ಮಾಡುವುದು ಈ ಡಬ್ಬಿಗಳು. ಒಳಗಿನ ದ್ರಾವಣ ಕೆಟ್ಟರೆ ಟಾಂಕಿಯ ಗಾತ್ರ ಕುಗ್ಗುತ್ತದೆ, ಕೊಳವೆಯೂ ಕಿರಿದಾಗುತ್ತದೆ. ಚಳಿಯಲ್ಲಿ ಇನ್ನಷ್ಟು. ಪ್ರೊಸೆಸರ್ ಒಮ್ಮೆಲೇ ಹೆಚ್ಚು ಕರೆಂಟು ಎಳೆದ ಕ್ಷಣ ವೋಲ್ಟ್ ಕುಸಿದು ಲೆಕ್ಕ ತಪ್ಪುತ್ತದೆ. ನಮ್ಮ ಪರದೆ ಕಪ್ಪಾಗುತ್ತಿದ್ದುದು ಆ ಕ್ಷಣದಲ್ಲಿ.

ಇನ್ನು ಮೂರೇ ವರ್ಷಕ್ಕೆ ಯಾಕೆ ಹೀಗಾಯಿತು? ಕಾಕನ ಬಳಿ ಇದಕ್ಕೆ ಉತ್ತರವಿರಲಿಲ್ಲ. ತಾನು ಹಾಕಿದ ಕೆಪಾಸಿಟರುಗಳು ಇಪ್ಪತ್ತು ವರ್ಷ ಬಾಳಿವೆ ಎಂದು ಅವರು ಆಶ್ಚರ್ಯಪಡುತ್ತಿದ್ದರು. ಉತ್ತರ ನಮಗೆ ತಿಳಿದದ್ದು ಆಮೇಲೆ, ಓದಿ. 1999ರ ಸುಮಾರಿನಿಂದ ಕೆಲವು ವರ್ಷಗಳ ಕಾಲ ಜಗತ್ತಿನಾದ್ಯಂತ ಇಂಥ ಕೆಪಾಸಿಟರುಗಳು ಲಕ್ಷಗಟ್ಟಲೆ ಉಬ್ಬಿ ಸೋರಿದವು. ಆ ಕಾಲಕ್ಕೆ ಕೆಪಾಸಿಟರ್ ಪ್ಲೇಗ್ ಎಂಬ ಹೆಸರೇ ಬಿದ್ದಿದೆ. 2002ರಲ್ಲಿ ಆ ಉದ್ಯಮದ ಪತ್ರಿಕೆಯೊಂದು, 2003ರ ಫೆಬ್ರವರಿಯಲ್ಲಿ ಐಇಇಇ ಎಂಬ ಇಂಜಿನಿಯರುಗಳ ಸಂಸ್ಥೆಯ 'ಸ್ಪೆಕ್ಟ್ರಮ್' ಪತ್ರಿಕೆ ಇದರ ಬಗ್ಗೆ ಬರೆದವು. ಅವು ವರದಿ ಮಾಡಿದ ಪ್ರಕಾರ, ಜಪಾನಿನ ಕಂಪೆನಿಯ ವಿಜ್ಞಾನಿಯೊಬ್ಬರು ಚೀನಾದ ಕಂಪೆನಿಗೆ ಹೋಗಿ ಅಲ್ಲಿ ದ್ರಾವಣವೊಂದನ್ನು ತಯಾರಿಸಿದರು. ಅವರ ಸಿಬ್ಬಂದಿ ಅದರ ಸೂತ್ರವನ್ನು ಹೊತ್ತುಕೊಂಡು ತೈವಾನಿಗೆ ಹೋಗಿ ಅಗ್ಗವಾಗಿ ಮಾರಿದರು. ಆದರೆ ಸೂತ್ರ ಪೂರ್ತಿಯಾಗಿರಲಿಲ್ಲ.

ಇಲ್ಲದೆ ಹೋದದ್ದು ಸಣ್ಣದು. ಆ ದ್ರಾವಣದಲ್ಲಿ ನೀರಿನ ಪಾಲು ಹೆಚ್ಚು. ನೀರು ಅಲ್ಯೂಮಿನಿಯಮನ್ನು ತಿನ್ನುತ್ತದೆ. ತಿನ್ನದಂತೆ ತಡೆಯಲು ಬೇರೆ ಕೆಲವು ರಾಸಾಯನಿಕಗಳನ್ನು ಸ್ವಲ್ಪವೇ ಬೆರೆಸಬೇಕು. ಬೆರೆಸದಿದ್ದರೆ ಹೈಡ್ರೋಜನ್ ಅನಿಲ ಹುಟ್ಟಿ ಡಬ್ಬಿ ಉಬ್ಬುತ್ತದೆ. ಹೊಸದರಲ್ಲಿ ಅಳೆದು ನೋಡಿದರೆ ಎಲ್ಲ ಸರಿಯಾಗಿಯೇ ಇರುತ್ತದೆ. ಮೇಲಿನ ಪ್ಲಾಸ್ಟಿಕ್ ಹೊದಿಕೆ, ಅಚ್ಚಾದ ಅಂಕಿಗಳು, 105 ಡಿಗ್ರಿ ತಡೆಯುತ್ತದೆ ಎಂಬ ಭರವಸೆ ಎಲ್ಲವೂ ಒಳ್ಳೆಯ ಮಾಲಿನಂತೆಯೇ. ನಾವು ಮದ್ರಸದಲ್ಲಿ ಕಲಿತ ಒಂದು ಘಟನೆ ಇಲ್ಲಿ ನೆನಪಾಗದೆ ಇರದು. ಪ್ರವಾದಿಯವರು(ಸ) ಪೇಟೆಯಲ್ಲಿ ಧಾನ್ಯದ ರಾಶಿಯೊಂದರೊಳಗೆ ಕೈ ಹಾಕಿದಾಗ ಬೆರಳಿಗೆ ತೇವ ತಾಗಿತು. ಮಳೆಗೆ ನೆನೆಯಿತು ಎಂದ ವ್ಯಾಪಾರಿಗೆ, ನೆನೆದದ್ದನ್ನು ಜನರಿಗೆ ಕಾಣುವಂತೆ ಮೇಲೆ ಯಾಕೆ ಹಾಕಲಿಲ್ಲ ಎಂದು ಕೇಳಿದರು. ನೆನೆದ ಧಾನ್ಯ ಮಾರುವುದು ತಪ್ಪೆನ್ನಲಿಲ್ಲ, ಅಡಗಿಸಿದ್ದನ್ನು ತಪ್ಪೆಂದರು. ಅಳತೆ ತೂಕದಲ್ಲಿ ವಂಚಿಸುವವರ ಹೆಸರಿನಲ್ಲೇ ಕುರ್‌ಆನಿನಲ್ಲಿ ಒಂದು ಅಧ್ಯಾಯವಿದೆ, 83ನೆಯದು. ಡಬ್ಬಿಯ ಮೇಲೆ 3300 ಎಂದು ಅಚ್ಚು ಹಾಕಿ ಒಳಗೆ ಅರೆಬರೆ ತುಂಬಿದವರು ತಕ್ಕಡಿ ಹಿಡಿಯದಿದ್ದರೂ ಆ ಸಾಲಿನವರೇ ಎಂದು ನಮ್ಮ ತಿಳುವಳಿಕೆ.

ನಮ್ಮ ತಾಯಂದಿರು ಬ್ರಾಂಚಿಗೆ ಬೀಡಿ ಒಯ್ದಾಗ ಕಂಟ್ರಾಕ್ಟರ್ ಕಟ್ಟುಗಳನ್ನು ಬಿಡಿಸಿ ನೋಡುತ್ತಾರೆ. ತುದಿ ಸರಿಯಾಗಿ ಮಡಚಿಲ್ಲ, ಎಲೆ ತೂತು, ಹೊಗೆಸೊಪ್ಪು ಕಡಿಮೆ ಎಂದು ಬದಿಗೆ ತೆಗೆದಿಟ್ಟದ್ದಕ್ಕೆ ಮಜೂರಿ ಇಲ್ಲ. ಎಲೆಯೇ ಹರಿದದ್ದು ಕೊಟ್ಟಿದ್ದೀರಿ ಎಂದರೆ ಕೇಳುವವರಿಲ್ಲ. ಒಂದು ಬೀಡಿಯ ತುದಿಗೆ ಇಷ್ಟು ಕಟ್ಟುನಿಟ್ಟಾಗಿರುವ ಜಗತ್ತಿನಲ್ಲಿ ಲಕ್ಷಗಟ್ಟಲೆ ಡಬ್ಬಿಗಳು ಕಾರ್ಖಾನೆ ದಾಟಿ, ಹಡಗು ದಾಟಿ, ನಮ್ಮ ಗ್ರಂಥಾಲಯಕ್ಕೆ ಬರುವವರೆಗೆ ಯಾರ ಕಣ್ಣಿಗೂ ಬೀಳಲಿಲ್ಲ. ನಷ್ಟ ಕೊನೆಗೆ ಕೊಂಡವರ ತಲೆಗೆ.

ಎಲ್ಲವನ್ನೂ ಕದ್ದ ಸೂತ್ರದ ಮೇಲೆ ಹೊರಿಸುವುದೂ ಸರಿಯಲ್ಲ. ಜಪಾನಿನ ಹೆಸರಾಂತ ಕಂಪೆನಿ ನಿಚಿಕಾನ್ ತಯಾರಿಸಿದ ಕೆಪಾಸಿಟರುಗಳೂ ಅದೇ ವರ್ಷಗಳಲ್ಲಿ ಉಬ್ಬಿವೆ. ಅವು ಡೆಲ್ ಕಂಪೆನಿಯ ಆಪ್ಟಿಪ್ಲೆಕ್ಸ್ ಕಂಪ್ಯೂಟರುಗಳಲ್ಲಿದ್ದವು. 2003ರ ಮೇಯಿಂದ 2005ರ ಜುಲೈವರೆಗೆ ಡೆಲ್ ಹೀಗೆ ಕೆಡಬಹುದಾದ ಕನಿಷ್ಠ 1 ಕೋಟಿ 18 ಲಕ್ಷ ಕಂಪ್ಯೂಟರುಗಳನ್ನು ಮಾರಿತ್ತು. ರಿಪೇರಿಗೆಂದು 2005ರಲ್ಲಿ 30 ಕೋಟಿ ಡಾಲರನ್ನು ಲೆಕ್ಕದಲ್ಲಿ ತೆಗೆದಿರಿಸಿತು. 2010ರ ಜೂನ್‌ನಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ನ್ಯಾಯಾಲಯದ ಕಾಗದಪತ್ರಗಳನ್ನು ನೋಡಿ ಈ ಕತೆಯನ್ನು ಬರೆಯಿತು. ಅದರಲ್ಲಿ ಬಂದ ಒಂದು ಸಂಗತಿ ಓದಿ ನಾವು ಆರೂ ಮಂದಿ ಫೋನಿನಲ್ಲಿ ಬಹಳ ಹೊತ್ತು ನಕ್ಕೆವು. ಟೆಕ್ಸಾಸ್ ವಿಶ್ವವಿದ್ಯಾಲಯದ ಗಣಿತ ವಿಭಾಗದ ಕಂಪ್ಯೂಟರುಗಳು ಕೆಟ್ಟಾಗ, ಪರಿಶೀಲಿಸಿದ ಕಂಪೆನಿಯವರು, ನೀವು ಅವುಗಳಿಂದ ಕಷ್ಟದ ಲೆಕ್ಕಗಳನ್ನು ಮಾಡಿಸಿದ್ದೇ ಕಾರಣ ಎಂದರಂತೆ! ಗಣಿತದ ಪ್ರಾಧ್ಯಾಪಕರಿಗೇ ಈ ಗತಿಯಾದರೆ ಕೀ ಜೋರಾಗಿ ಒತ್ತುವ ಹುಡುಗಿಯರದ್ದೇನು?

ರಿಪೇರಿಗೆ ಬರೋಣ. ಕಾಕನಿಗೆ ವಿದ್ಯೆ ಇತ್ತು, ಕಣ್ಣು ಮತ್ತು ಕೈ ಇರಲಿಲ್ಲ. ನಮಗೆ ಅವೆರಡು ಇದ್ದವು. ಗ್ರಂಥಾಲಯ ನೋಡಿಕೊಳ್ಳುತ್ತಿದ್ದವರು "ಹೇಗೂ ಹೋದ ಬೋರ್ಡ್, ನೋಡಿ" ಎಂದು ಬಾಗಿಲು ತೆರೆದುಕೊಟ್ಟರು. ಆ ಒಂದು ಮಾತಿಗೆ ನಾವು ಅವರಿಗೆ ಋಣಿ.

ಉಬ್ಬಿದವು ಐದೇ ಆದರೂ ಅದೇ ಬಣ್ಣದ, ಅದೇ ಗುರುತಿನ ಒಂಬತ್ತನ್ನೂ ಬದಲಿಸಬೇಕು ಎಂದರು ಕಾಕ. ಒಂದೇ ಚೀಲದ ಅಕ್ಕಿ, ಉಳಿದವು ಇಂದಲ್ಲ ನಾಳೆ. ಮಂಗಳೂರಿನಲ್ಲಿ ವಿಚಾರಿಸಿದ ಅಂಗಡಿಗಳಲ್ಲಿ ಇದ್ದುದು ರೇಡಿಯೋ, ಟಿವಿಗೆ ಹಾಕುವ 85 ಡಿಗ್ರಿಯವು. ಅವನ್ನು ಹಾಕಿದರೂ ಕಂಪ್ಯೂಟರ್ ಓಡುತ್ತದೆ, ಕೆಲವು ತಿಂಗಳು. ಬೇಕಾದದ್ದು ಒಳಗಿನ ತಡೆ ಕಡಿಮೆ ಇರುವ, ಲೋ ಇಎಸ್‌ಆರ್ ಎಂದು ಕರೆಯುವ ಜಾತಿ. ನಮ್ಮಲ್ಲೊಬ್ಬಳ ಅಣ್ಣ ಬೆಂಗಳೂರಿನ ಬೇಕರಿಯಲ್ಲಿದ್ದ. ರಜೆಯ ದಿನ ಅವನು ಎಸ್‌ಪಿ ರೋಡಿನಲ್ಲಿ ಅಂಗಡಿ ಅಂಗಡಿ ತಿರುಗಿದ. ನಾವು ಫೋನಿನಲ್ಲಿ ಬರೆಸಿದ ಚೀಟಿ ಅವನ ಕೈಯಲ್ಲಿತ್ತು: 3300 ಮೈಕ್ರೋಫ್ಯಾರಡ್, 6.3 ವೋಲ್ಟ್, 105 ಡಿಗ್ರಿ, ಲೋ ಇಎಸ್‌ಆರ್, ಅಗಲ 10 ಮಿಲಿಮೀಟರ್. ವೋಲ್ಟ್ ಹೆಚ್ಚಾದರೆ ಅಡ್ಡಿಯಿಲ್ಲ, ಕಡಿಮೆಯಾಗಬಾರದು. ಅಗಲ ಹೆಚ್ಚಾದರೆ ಪಕ್ಕದ್ದಕ್ಕೆ ತಾಗುತ್ತದೆ. ಕಾಲುಗಳು ಉದ್ದವಾಗಿಯೇ ಇರಬೇಕು, ಕತ್ತರಿಸಿದ್ದಿದ್ದರೆ ಹಳೆಯ ಬೋರ್ಡಿನಿಂದ ಕಿತ್ತದ್ದು ಎಂದು ತಿಳಿ ಎಂದು ಕಾಕ ಎಚ್ಚರಿಸಿದ್ದರು. ತುಂಡಿಗೆ 15 ರೂಪಾಯಿಯಂತೆ ಹನ್ನೆರಡು ತಂದು ಬಸ್ಸಿನವರ ಕೈಯಲ್ಲಿ ಕಳುಹಿಸಿದ. ಜೂನ್ ತಿಂಗಳ ಮಳೆ, ಪೊಟ್ಟಣ ನೆನೆದು ಮುದ್ದೆಯಾಗಿತ್ತು. ಒಳಗಿನವು ಒಣಗಿಯೇ ಇದ್ದವು.

ಅಷ್ಟರಲ್ಲಿ ನಾವು ಗುಜರಿಯಿಂದ ತಂದ ಸತ್ತ ಬೋರ್ಡೊಂದರ ಮೇಲೆ ಎರಡು ದಿನ ಅಭ್ಯಾಸ ಮಾಡಿದ್ದೆವು. ಕಾಕನ 25 ವ್ಯಾಟಿನ ಸೋಲ್ಡರಿಂಗ್ ಐರನ್ ಸಾಲಲಿಲ್ಲ. ಮದರ್‌ಬೋರ್ಡ್ ಎಂದರೆ ಒಂದು ಹಲಗೆಯಲ್ಲ, ಒಂದರ ಮೇಲೊಂದು ಅಂಟಿಸಿದ ಹಲವು ಪದರ. ಒಳಗಿನ ತಾಮ್ರದ ಹಾಳೆ ಬಿಸಿಯನ್ನೆಲ್ಲ ಕುಡಿದುಬಿಡುತ್ತದೆ. ಟಿವಿ ರಿಪೇರಿಯ ಹುಡುಗನಿಂದ 60 ವ್ಯಾಟಿನದ್ದನ್ನು ಕಡ ತಂದೆವು. ಕರೆಂಟು ಇರುವ ಹೊತ್ತು ನೋಡಿ ಕೂರಬೇಕಿತ್ತು.

ಮೊದಲು ಪ್ರೊಸೆಸರ್, ರ್‍ಯಾಮ್, ಗುಂಡಿಯಂಥ ಬ್ಯಾಟರಿ ಎಲ್ಲ ತೆಗೆದಿಟ್ಟೆವು. ಬೋರ್ಡಿನ ಚಿತ್ರವನ್ನು ಹಾಳೆಯ ಮೇಲೆ ಬಿಡಿಸಿ ಪ್ರತಿ ಕೆಪಾಸಿಟರಿನ ಋಣ ಬದಿ ಎತ್ತ ಇದೆ ಎಂದು ಗುರುತಿಸಿದೆವು. ಡಬ್ಬಿಯ ಬದಿಯಲ್ಲಿ ಪಟ್ಟೆ ಇರುವುದು ಋಣದ ಕಾಲು. ತಿರುವುಮುರುವಾಗಿ ಹಾಕಿದರೆ ಡಬ್ಬಿ ಸಿಡಿಯುತ್ತದೆ. ಬೋರ್ಡಿನ ಮೇಲೂ ಅರ್ಧ ಬಣ್ಣ ತುಂಬಿದ ವೃತ್ತವಿರುತ್ತದೆ. ಆದರೆ ಕೆಲವು ಬೋರ್ಡುಗಳಲ್ಲಿ ಬಣ್ಣದ ಬದಿ ಋಣ, ಕೆಲವದರಲ್ಲಿ ಧನ. ಹಾಗಾಗಿ ಹಳೆಯದು ಹೇಗಿತ್ತು ಎಂದು ಬರೆದಿಟ್ಟುಕೊಳ್ಳದೆ ಕೀಳಬಾರದು.

ಕೀಳುವುದೇ ಕಷ್ಟದ ಕೆಲಸ. ಹಳೆಯ ಬೆಸುಗೆಯ ಮೇಲೆ ಮೊದಲು ಸ್ವಲ್ಪ ಹೊಸ ಸೋಲ್ಡರ್ ಹಾಕಿ ಕರಗಿಸಬೇಕು, ಆಗ ಬಿಸಿ ಬೇಗ ಇಳಿಯುತ್ತದೆ. ಒಬ್ಬಳು ಹಿಂಬದಿಯಿಂದ ಒಂದು ಕಾಲನ್ನು ಬಿಸಿ ಮಾಡಿದಾಗ ಇನ್ನೊಬ್ಬಳು ಮುಂಬದಿಯಿಂದ ಡಬ್ಬಿಯನ್ನು ಕೂದಲಿನಷ್ಟು ಓರೆ ಮಾಡಬೇಕು. ಮತ್ತೆ ಇನ್ನೊಂದು ಕಾಲು, ಇನ್ನೊಂದು ಬದಿಗೆ ಓರೆ. ಹಾಲುಹಲ್ಲು ಅಲ್ಲಾಡಿಸಿದ ಹಾಗೆ. ಬಿಸಿ ಕಡಿಮೆಯಿರುವಾಗ ಎಳೆದರೆ ತೂತಿನೊಳಗಿನ ತಾಮ್ರವೇ ಕಿತ್ತು ಬರುತ್ತದೆ. ಬಿಸಿ ಹೆಚ್ಚಾದರೆ ಸುತ್ತಲಿನ ತಾಮ್ರದ ಬಳೆ ಎದ್ದು ಹೋಗುತ್ತದೆ. ಈ ಎರಡರ ನಡುವಿನ ಹದ ಹೇಳಿಕೊಡಲು ಬರುವುದಿಲ್ಲ. ಬೀಡಿ ಕಟ್ಟುತ್ತಿದ್ದ ಇಬ್ಬರ ಬೆರಳಿಗೆ ಅದು ಬೇಗ ಬಂತು. ದಿನಕ್ಕೆ ಸಾವಿರ ಸಲ ಎಲೆ ಹರಿಯದಂತೆ ಸುತ್ತಿ ಅಭ್ಯಾಸವಿದ್ದ ಬೆರಳುಗಳು.

ಕಿತ್ತ ಮೇಲೆ ತೂತಿನಲ್ಲಿ ಸೋಲ್ಡರ್ ತುಂಬಿಕೊಂಡಿರುತ್ತದೆ. ಅದನ್ನು ಹೀರುವ ಪಂಪು ಕಾಕನ ಬಳಿ ಇತ್ತು, ಆದರೆ ಅದರ ವಾಷರ್ ಸವೆದಿತ್ತು. ಕೊನೆಗೆ ಕೆಲಸಕ್ಕೆ ಬಂದದ್ದು ಹಿಡಿಸೂಡಿಯ ಕಡ್ಡಿ. ತೆಂಗಿನ ಕಡ್ಡಿಯನ್ನು ಚೂಪಾಗಿ ಹೆರೆದು, ಸೋಲ್ಡರ್ ಕರಗಿದ ಕ್ಷಣಕ್ಕೆ ತೂತಿನೊಳಗೆ ತೂರಿಸಿ ತಣಿಯುವವರೆಗೆ ಹಿಡಿದರೆ ತೂತು ಸ್ವಚ್ಛ. ಮರಕ್ಕೆ ಸೋಲ್ಡರ್ ಅಂಟುವುದಿಲ್ಲ. ಹೊಸದನ್ನು ಕೂರಿಸುವುದು ನಿಮಿಷದ ಕೆಲಸ. ಒಂಬತ್ತಕ್ಕೆ ಎರಡು ಮಧ್ಯಾಹ್ನ ಹಿಡಿಯಿತು. ಇಲ್ಲಿ ಒಂದು ಮಾತು ಓದುಗರಿಗೆ ಹೇಳಲೇಬೇಕು. ಇದು ಮದರ್‌ಬೋರ್ಡಿನ ಮಾತು ಮಾತ್ರ. ಎಸ್‌ಎಂಪಿಎಸ್ ಪೆಟ್ಟಿಗೆಯನ್ನು ಗೊತ್ತಿಲ್ಲದವರು ಬಿಚ್ಚಬಾರದು. ಅದರೊಳಗಿನ ದೊಡ್ಡ ಕೆಪಾಸಿಟರುಗಳಲ್ಲಿ ವೈರ್ ಕಿತ್ತ ಮೇಲೂ ಪ್ರಾಣ ತೆಗೆಯುವಷ್ಟು ಕರೆಂಟು ಕೂತಿರಬಹುದು.

ಎಲ್ಲ ಜೋಡಿಸಿ ಗುಂಡಿಯನ್ನು ಒತ್ತಿದಾಗ ಒಂದೇ ಒತ್ತಿಗೆ ಎದ್ದಿತು. ನಾವು ಅಲ್ಲಿಗೇ ಕುಣಿಯಲಿಲ್ಲ. ಮೆಮ್‌ಟೆಸ್ಟ್ ಎಂಬ ಪರೀಕ್ಷೆಯ ಫ್ಲಾಪಿ ಹಾಕಿ ರಾತ್ರಿಯಿಡೀ ಓಡಲು ಬಿಟ್ಟೆವು. ಮೊದಲು ಅದನ್ನು ಓಡಿಸಿದಾಗ ಅರ್ಧ ಗಂಟೆಯೊಳಗೆ ಕೆಂಪು ಸಾಲುಗಳು ಬರುತ್ತಿದ್ದವು. ಸುಬಹ್ ನಮಾಝ್ ಮುಗಿಸಿ ಬಂದ ಗ್ರಂಥಾಲಯದವರು ತಪ್ಪುಗಳ ಸಂಖ್ಯೆ ಸೊನ್ನೆ ಎಂದು ಚೀಟಿಯಲ್ಲಿ ಬರೆದು ಕಳುಹಿಸಿದರು. ನೋಟ್‌ಬುಕ್ಕಿನಲ್ಲಿ ಮತ್ತೆ ಹತ್ತೊಂಬತ್ತು ದಿನದ ಗೆರೆ ಹಾಕಿದೆವು. ಮೂರೂ ಹೊತ್ತಿನ ಕಾಲಂ ಖಾಲಿ ಉಳಿಯಿತು.

ಜುಲೈ ತಿಂಗಳ ಸಭೆಗೆ ಎರಡು ನೋಟ್‌ಬುಕ್ ಲೆಕ್ಕಗಳನ್ನೂ, ಕಿತ್ತ ಒಂಬತ್ತು ಕೆಪಾಸಿಟರುಗಳನ್ನೂ ತಟ್ಟೆಯಲ್ಲಿಟ್ಟು ಕಳುಹಿಸಿದೆವು. ಅವು ಕೈಯಿಂದ ಕೈಗೆ ಹೋದವಂತೆ. "ಇಷ್ಟು ಸಣ್ಣದಾ!" ಎಂದರಂತೆ ಒಬ್ಬರು. ಇನ್ನೊಬ್ಬರು, ಮಳೆಗಾಲದ ತಂಪಿಗೆ ಕಂಪ್ಯೂಟರ್ ತಾನಾಗಿಯೇ ಸರಿಯಾಗಿರಬೇಕು ಎಂದರಂತೆ. ಖಜಾಂಚಿ ಒಟ್ಟು ಖರ್ಚು ಎಷ್ಟೆಂದು ಕೇಳಿ 180 ರೂಪಾಯಿಯನ್ನು ತೆಗೆದುಕೊಟ್ಟರು. ಮಧ್ಯಾಹ್ನದ ತರಗತಿ ಮುಂದುವರಿಯಲಿ ಎಂದಾಯಿತು. ಶಾಲು, ಫ್ಲಾಪಿ, ಜೋರಾಗಿ ಒತ್ತುವ ಕೀಗಳ ಬಗ್ಗೆ ಆ ಸಭೆಯಲ್ಲಿ ಯಾರೂ ಏನೂ ಹೇಳಲಿಲ್ಲ. ತಪ್ಪಾಯಿತು ಎಂಬ ಮಾತು ನಮಗೆ ಬೇಕಿತ್ತೇ? ಬೇಕಿತ್ತು. ಬೇಡವಾಗಿತ್ತು ಎಂದು ಹೇಳಿ ದೊಡ್ಡವರಾಗಲು ನಮಗೆ ಇಷ್ಟವಿಲ್ಲ. ಮುದ್ರಣಾಲಯದ ಕೆಲಸ ಜೂನ್‌ನಲ್ಲೇ ಬೇರೆಯವರಿಗೆ ಹೋಗಿತ್ತು. ನಮ್ಮವಳಿಗೆ ಅದು ಸಿಕ್ಕಿದ್ದು ಮರುವರ್ಷ.

ಈಗಿನ ಬೋರ್ಡುಗಳಲ್ಲಿ ಪ್ರೊಸೆಸರಿನ ಸುತ್ತ ದ್ರಾವಣವಿಲ್ಲದ ಪಾಲಿಮರ್ ಕೆಪಾಸಿಟರುಗಳಿರುತ್ತವೆ, ಅವು ಹೀಗೆ ಉಬ್ಬಿ ಸೋರುವುದಿಲ್ಲ. ನಮ್ಮ ಆ ಕಂಪ್ಯೂಟರ್ 2011ರವರೆಗೂ ಓಡಿತು. ಕೊನೆಗೆ ಕೆಟ್ಟದ್ದು ಹಾರ್ಡ್ ಡಿಸ್ಕ್.

ಆ ಜುಲೈ ಸಭೆ ಮುಗಿದು ಒಂದು ವಾರವಾಗಿರಬೇಕು. ಮಧ್ಯಾಹ್ನ ನಾವು ಟೈಪ್ ಮಾಡುತ್ತಿದ್ದಾಗ ಕಾರ್ಯದರ್ಶಿಗಳೇ ಬಾಗಿಲ ಹೊರಗೆ ನಿಂತು ಕೆಮ್ಮಿದರು. ಜೊತೆಯಲ್ಲಿದ್ದ ಹುಡುಗನ ಕೈಯಲ್ಲಿ ಹಳೆಯ ಲುಂಗಿಯಲ್ಲಿ ಸುತ್ತಿದ ಭಾರದ ಗಂಟು. ಮಸೀದಿಯ ಆಂಪ್ಲಿಫೈಯರ್. ಬಾಂಗಿನ ಹಿಂದೆ ಜೇನ್ನೊಣದ ಹಾಗೆ ಗುಂಯ್ ಎನ್ನುತ್ತಿದೆ, ಪೇಟೆಗೆ ಒಯ್ದರೆ ಹೊಸದು ತೆಗೆದುಕೊಳ್ಳಿ ಎನ್ನುತ್ತಾರೆ, "ನೀವೊಮ್ಮೆ ನೋಡ್ತೀರಾ?" ಎಂದರು. ಹುಡುಗ ಅದನ್ನು ಮೇಜಿನ ಮೇಲಿಟ್ಟು ಹೋದ. ಕಾಕ ಪತ್ರಿಕೆ ಮಡಚಿ ಎದ್ದು ಬಂದರು. ತಗಡು ಬಿಚ್ಚಿದಾಗ ನಡುವಿನಲ್ಲಿ ಹೆಬ್ಬೆರಳಿಗಿಂತ ದಪ್ಪದ ಡಬ್ಬಿಗಳೆರಡು ನಿಂತಿದ್ದವು. ಒಬ್ಬಳು ಟಾರ್ಚ್ ಹಿಡಿದಳು, ಇನ್ನೊಬ್ಬಳು ಕೈ ಚಾಚಿದಳು. "ನಿಲ್ಲು ಮಗಳೇ," ಎಂದರು ಕಾಕ, "ಮೊದಲು ಅದರ ಚಾರ್ಜ್ ಇಳಿಸಬೇಕು."